ಒಂದು ಮನೆ, ನಾಲ್ಕು ಮೀಟರ್

ಬೆಳಗಾವಿಯ ವಡಗಾವಿ, ಖಾಸಬಾಗ ಕಡೆಯ ನೇಕಾರ ಓಣಿಗಳಲ್ಲಿ ಬೆಳೆದವರಿಗೆ ವಿದ್ಯುತ್ ಮಗ್ಗದ ಸದ್ದಿನಿಂದ ನಿದ್ದೆ ಕೆಡುತ್ತಿರಲಿಲ್ಲ. ಕರೆಂಟು ಹೋಗಿ ಆ ಸದ್ದು ನಿಂತಾಗಲೇ ಎಚ್ಚರವಾಗುತ್ತಿತ್ತು. ನಮ್ಮ ಓಣಿಯಲ್ಲಿ ಈಗ ಮಗ್ಗ ನಡೆಯುವುದು ಎರಡೇ ಮನೆಗಳಲ್ಲಿ. ಬಹಳ ವರ್ಷಗಳ ನಂತರ ಬಂದ ಗೆಳೆಯನೊಬ್ಬ ಮೇಲೆದ್ದ ಅಂತಸ್ತುಗಳನ್ನೂ ಬಾಗಿಲ ಮುಂದೆ ನಿಂತ ಕಾರುಗಳನ್ನೂ ನೋಡಿ, ಓಣಿಯ ಜನ ಸ್ಥಿತಿವಂತರಾಗಿದ್ದಾರೆ ಎಂದ. ಹೌದೆನ್ನಲು ನನಗೆ ಬಾಯಿ ಬರಲಿಲ್ಲ.

ಇಂಥ ಮಾತನ್ನು ಅಂಕಿಗಳಿಂದ ಪರೀಕ್ಷಿಸುವುದು ಸುಲಭವಲ್ಲ. ನಮ್ಮ ಜನಗಣತಿಯು ಮನೆಯಲ್ಲಿ ಟಿವಿ, ಸ್ಕೂಟರ್, ಕಾರು ಇವೆಯೇ ಎಂದು ಕೇಳುತ್ತದೆಯೇ ಹೊರತು ಆದಾಯವೆಷ್ಟೆಂದು ಕೇಳುವುದಿಲ್ಲ. ಅದೂ 2011ರ ನಂತರ 2021ರಲ್ಲಿ ನಡೆಯಬೇಕಿದ್ದ ಗಣತಿ ಕೋವಿಡ್ ಕಾರಣದಿಂದ ಮುಂದಕ್ಕೆ ಹೋಗಿ, ಕೊನೆಗೆ 2027ಕ್ಕೆ ನಿಗದಿಯಾಯಿತು. ಹಾಗಾಗಿ ನಾನು ಬಾಗಿಲ ಪಕ್ಕದಲ್ಲಿ ಸಂಸಾರಕ್ಕೊಂದರಂತೆ ಇರುವ ಹೆಸ್ಕಾಂನ ವಿದ್ಯುತ್ ಮೀಟರುಗಳನ್ನು ಎಣಿಸತೊಡಗಿದೆ.

ಮೊದಲು ಒಂದು ಮನೆಯೆಂದರೆ ಒಂದು ಕುಟುಂಬ, ಅದೂ ದೊಡ್ಡ ಕುಟುಂಬ. ಕೆಳಗೆ ಮಗ್ಗದ ಖೋಲಿ, ಅದರ ಹಿಂದೆ ಅಡುಗೆಮನೆ. ಗಂಡಸರು ಪಾಳಿಯ ಮೇಲೆ ನೇಯ್ದರೆ ಹೆಂಗಸರು ಕಂಡಿಕೆ, ಅಂದರೆ ಲಾಳಿಯೊಳಗಿಡುವ ನೂಲಿನ ಸುರುಳಿ, ಸುತ್ತುತ್ತಿದ್ದರು, ಶಾಲೆಯಿಂದ ಬಂದ ಮಕ್ಕಳು ಕಡಿದ ಎಳೆ ಕೂಡಿಸುತ್ತಿದ್ದರು. ಕೂಲಿ ಸೀರೆಯ ಲೆಕ್ಕದಲ್ಲಿ ಸಿಗುತ್ತಿದ್ದುದರಿಂದ ಮನೆಯಲ್ಲಿ ಕೈಗಳು ಹೆಚ್ಚಿದಷ್ಟೂ ಅನುಕೂಲವಾಗುತ್ತಿತ್ತು, ಮತ್ತು ಆ ಕಂಡಿಕೆ ಸುತ್ತುವ ಕೆಲಸಕ್ಕೆ ಯಾರೂ ಬೇರೆ ಕೂಲಿ ಬರೆದಿಟ್ಟವರಲ್ಲ. ನೂಲಿನ ಬೆಲೆ ಏರಿ, ಸೂರತ್ತಿನ ಅಗ್ಗದ ಸೀರೆಗಳೆದುರು ನಮ್ಮವು ಸೋತಾಗ ಮಗ್ಗಗಳು ಗುಜರಿಯ ತೂಕಕ್ಕೆ ಹೋದವು. ಖಾಲಿಯಾದ ಖೋಲಿಗೆ ನಡುವೆ ಗೋಡೆ ಎದ್ದು ಎರಡು ಬಾಡಿಗೆ ಮನೆಗಳಾದವು, ಮೇಲೆ ಮತ್ತೆರಡಾದವು. ಒಂದು ಮೀಟರಿದ್ದಲ್ಲಿ ಈಗ ನಾಲ್ಕಿವೆ, ಆದರೆ ಒಂದೊಂದರ ಹಿಂದೆ ಮೂವರೋ ನಾಲ್ವರೋ ಅಷ್ಟೇ. ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವವರು, ಆಸ್ಪತ್ರೆ ಹಾಗೂ ಬ್ಯಾಂಕುಗಳ ನೌಕರರು ಬಾಡಿಗೆಗೆ ಬಂದಿದ್ದಾರೆ. ಕನ್ನಡ, ಮರಾಠಿಗಳಷ್ಟೇ ಕೇಳುತ್ತಿದ್ದ ಓಣಿಯಲ್ಲಿ ಹಿಂದಿಯೂ ಸೇರಿದೆ.

ಓಣಿಯ ಆದಾಯ ಏರಿತೆನ್ನುವ ಮಾತು ಸುಳ್ಳಲ್ಲ, ಆದರೆ ಯಾರ ಆದಾಯ ಎಂಬುದು ಅದರೊಳಗೆ ಮುಚ್ಚಿಹೋಗುತ್ತದೆ. ತಿಂಗಳಿಗೆ 15,000 ರೂಪಾಯಿ ದುಡಿಯುವ ಹತ್ತು ಮನೆಗಳಿವೆ ಎಂದುಕೊಳ್ಳಿ. ಎರಡು ಮನೆಯವರು ಮಾರಿ ಹೋಗಿ, ಅಲ್ಲಿಗೆ ತಲಾ ಒಂದು ಲಕ್ಷ ಸಂಬಳದ ಎರಡು ಕುಟುಂಬಗಳು ಬಂದರೆ ಸರಾಸರಿ 32,000ಕ್ಕೆ ಜಿಗಿಯುತ್ತದೆ. ಉಳಿದ ಎಂಟು ಮನೆಗಳಿಗೆ ಒಂದು ರೂಪಾಯಿಯೂ ಹೆಚ್ಚಿರುವುದಿಲ್ಲ. ಹತ್ತನ್ನೂ ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ನಡುವಿನದನ್ನು ನೋಡಿದರೆ ಅದು 15,000ದಲ್ಲೇ ನಿಂತಿರುತ್ತದೆ. ಇಷ್ಟನ್ನು ನಾನು ಕಾಗದದ ಮೇಲೆ ಮಾಡಿ ತೋರಿಸಿದಾಗ, ಇನ್ನೂ ಮಗ್ಗ ನಡೆಸುವ ಎದುರುಮನೆಯ ಕಾಕಾ ಕನ್ನಡಕ ತೆಗೆದಿಟ್ಟು, "ಓಣಿ ಏರೈತಿ ತಮ್ಮಾ, ಕೂಲಿ ಎಲ್ಲಿ ಏರೈತಿ?" ಎಂದರು. ಜಾಗದ ಬೆಲೆ ಏರಿದ್ದು ಅವರಿಗೆ ಲಾಭವೇ ಎಂದರೆ, ಮಾರಿದರೆ ಮಾತ್ರ ಲಾಭ. ಮಾರಿದ ದಿನವೇ ಅವರು ಓಣಿಯ ಲೆಕ್ಕದಿಂದ ಹೊರಗೆ. ಹಾಗೆ ಮಾರಿ ಊರಂಚಿನ ಹೊಸ ಬಡಾವಣೆಗಳಿಗೆ ಹೋದವರು ಸುಧಾರಿಸಿದರೋ ಇಲ್ಲವೋ ಎಂಬುದನ್ನು ನಮ್ಮ ಓಣಿಯ ಯಾವ ಸರಾಸರಿಯೂ ಹೇಳಲಾರದು.

ಕಾಕಾ ಈಗ ರಾತ್ರಿ ಒಂಬತ್ತಕ್ಕೆ ಮಗ್ಗ ನಿಲ್ಲಿಸುತ್ತಾರೆ. ತಮ್ಮದೇ ಮನೆಯ ಮೇಲಿನ ಬಾಡಿಗೆದಾರರಿಗೆ ಸಣ್ಣ ಮಗುವಿದೆ, ಸದ್ದಿಗೆ ಅದು ಮಲಗುವುದಿಲ್ಲವಂತೆ. ಆ ಬಾಡಿಗೆಯೋ, ತಿಂಗಳ ನೇಯ್ಗೆಯ ಕೂಲಿಗಿಂತ ಹೆಚ್ಚು.