ಬಿತ್ತದ ಹೊಲಕ್ಕೆ ಬಾಡಿಗೆ

ಅಮೆರಿಕದ ಐಯೋವಾ ರಾಜ್ಯದ ಈ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಬಂದ ಹೊಸದರಲ್ಲಿ, ರಸ್ತೆ ಬದಿಯ ಎದೆಯೆತ್ತರದ ಹುಲ್ಲು ನೋಡಿ ಯಾರೋ ಸೋಮಾರಿ ಹೊಲ ಬೀಳು ಬಿಟ್ಟಿದ್ದಾನೆ ಎಂದುಕೊಂಡಿದ್ದೆ. ಇವತ್ತು ಪಕ್ಕದ ಮನೆಯ ಹಿರಿಯ ರೈತರು ನಕ್ಕು ತಿದ್ದಿದರು. ಮಣ್ಣು ಕೊಚ್ಚಿಹೋಗದಿರಲೆಂದು 10ರಿಂದ 15 ವರ್ಷ ಉಳುಮೆ ನಿಲ್ಲಿಸಿ ಹುಲ್ಲು ಬೆಳೆಸುವ ಕರಾರಿಗೆ ಸಹಿ ಹಾಕಿದರೆ ಸರ್ಕಾರವೇ ವರ್ಷವರ್ಷ ಬಾಡಿಗೆ ಕೊಡುತ್ತದೆ. 1985ರ ಕೃಷಿ ಕಾಯ್ದೆಯಲ್ಲಿ ಬಂದ ಯೋಜನೆ. ಮೆಕ್ಕೆಜೋಳದ ಬೆಲೆ ಕುಸಿದಾಗ ಸರ್ಕಾರದ ಬೇರೊಂದು ಯೋಜನೆಯಲ್ಲಿ ಸಿಗುವ ಹಣದ ಲೆಕ್ಕ ಇನ್ನೂ ವಿಚಿತ್ರ: ಈ ವರ್ಷ ಏನು ಬಿತ್ತಿದಿರಿ ಎಂದಲ್ಲ, ಹಳೆಯ ದಾಖಲೆಯಲ್ಲಿ ಆ ಬೆಳೆಗೆ ಎಷ್ಟು ಎಕರೆ ಇದೆ ಎಂಬುದೇ ಮುಖ್ಯ. (ಪಹಣಿಯ ಮಹಿಮೆ ಇಲ್ಲಿಯೂ!)

ದಾವಣಗೆರೆಯಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, “ಹಾಗಾದರೆ ಮಳೆ ಕೈಕೊಟ್ಟಾಗಲೆಲ್ಲ ನಾನು ಬೀಳು ಬಿಟ್ಟ ಹೊಲದ ಬಾಕಿ ಎಷ್ಟಾಯಿತು, ಲೆಕ್ಕ ಹಾಕು” ಎಂದರು.