ಯಾವುದನ್ನ ಬಿಡೋಣ?

ದೊಡ್ಡಮ್ಮ ತೀರಿಕೊಂಡು ಆರು ದಿನ ಆಯಿತು. ಮೊನ್ನೆ ಮರಣ ನೋಂದಣಿಯ ಫಾರಂ ತುಂಬುತ್ತಾ ಅವರ ಮಗ, ನಮ್ಮಣ್ಣ, ‘ಉದ್ಯೋಗ’ ಅನ್ನೋ ಕಡೆ ಪೆನ್ನು ನಿಲ್ಲಿಸಿದ.

‘ಗೃಹಿಣಿ ಅಂತ ಬರೀಲಾ?’

‘31 ವರ್ಷ ಹೊಲಿಗೆ ಅಂಗಡಿ ನಡೆಸಿದ್ದು ಯಾರು?’ ಅಂದಳು ಅಕ್ಕ.

‘ಸರಿ, ಉದ್ಯಮಿ ಅಂತ ಹಾಕ್ತೀನಿ. ಇರೋದು ಒಂದೇ ಜಾಗ.’

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಯಾವುದನ್ನ ಬಿಡೋಣ, ನೀನೇ ಹೇಳು’ ಅಂದಳು.

ಆ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ.

ಅಣ್ಣ ಒಳ್ಳೆಯವನು, ಅಮ್ಮನ್ನ ಚೆನ್ನಾಗಿ ನೋಡಿಕೊಂಡ. ಆದರೆ ಅವನ ಓದು ಮುಗಿದದ್ದು ಆ ಮಷಿನ್ ದುಡ್ಡಿನಿಂದ ಅನ್ನೋದು ಅವನಿಗೆ ಥಟ್ಟನೆ ನೆನಪಾಗಲಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ. ದೊಡ್ಡಪ್ಪನಂತೂ ಕೊನೆಯವರೆಗೂ ‘ಸುಮ್ನೆ ಹೊತ್ತು ಹೋಗಲಿ ಅಂತ ಹೊಲೀತಾಳೆ’ ಅನ್ನುತ್ತಿದ್ದರು. ಹೊತ್ತು ಹೋಗಲಿ ಅಂತ ಯಾರಾದರೂ ಆರು ಹೆಂಗಸರಿಗೆ ತಿಂಗಳು ತಿಂಗಳು ಸಂಬಳ ಕೊಡ್ತಾರಾ?

ದೊಡ್ಡಮ್ಮನ ಕೊರಳಲ್ಲಿ ಟೇಪು ಇಲ್ಲದ ದಿನ ನಾನು ನೋಡಿಲ್ಲ. ಅದರ ತುದಿಯ ನಾಲ್ಕೈದು ಅಂಕಿ ಪೂರ್ತಿ ಅಳಿಸಿಹೋಗಿದ್ದವು. ಹತ್ತರಿಂದ ಅಳೆದು, ಮನಸ್ಸಿನಲ್ಲೇ ಹತ್ತು ಕಳೆದು ಬರೆದುಕೊಳ್ಳುತ್ತಿದ್ದರು. ಮಕ್ಕಳ ಬಟ್ಟೆ ಆದರೆ ಒಳಗೆ ಒಂದಂಗುಲ ಜಾಸ್ತಿ ಬಿಡುತ್ತಿದ್ದರು, ಮುಂದಿನ ವರ್ಷ ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಹುದು ಅಂತ. ಇದು ಅಂಗಡಿಯ ಲೆಕ್ಕವಾ, ಮನೆ ನಡೆಸಿ ಕಲಿತ ಲೆಕ್ಕವಾ? ಅಣ್ಣನಿಗೆ ಜ್ವರ ಬಂದ ವಾರ ಮಷಿನ್ನು ಅವನ ಮಂಚದ ಪಕ್ಕಕ್ಕೆ ಬಂತು. ಅಳತೆ ಪುಸ್ತಕದಲ್ಲಿ ಆ ವಾರದ ಪುಟ ಹಾಗೇ ಇದೆ: ‘ಎದೆ 36, ಸೊಂಟ 30, ತೋಳು 9.’ ಅದರ ಕೆಳಗೇ, ‘ರಾತ್ರಿ 2ಕ್ಕೆ ಔಷಧಿ.’

ಗಿರಾಕಿಯ ಹರಿದ ಅಂಗಿಗೆ ತೇಪೆ ಹಾಕಿ ದುಡ್ಡು ತಗೊಂಡರೆ ಅದು ಜಿಡಿಪಿ ಲೆಕ್ಕಕ್ಕೆ ಬರುವ ಕೆಲಸ. ಅದೇ ಕೈ, ಅದೇ ದಾರ, ಮಗನ ಅಂಗಿ ಆದರೆ ಲೆಕ್ಕಕ್ಕಿಲ್ಲ. ಸಂಬಳವಿಲ್ಲದ ಮನೆಗೆಲಸವನ್ನೂ ‘ಕೆಲಸ’ ಅಂತ ಕರೆಯಬೇಕು ಎಂದು ಕಾರ್ಮಿಕ ಅಂಕಿಅಂಶ ತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನ ತೀರ್ಮಾನಿಸಿದ್ದೇ 2013ರಲ್ಲಿ. ಜಗತ್ತಿನಲ್ಲಿ ಮನೆಗೆಲಸಕ್ಕೆ, ಆರೈಕೆಗೆ ಸಂಬಳವಿಲ್ಲದೆ ಹೋಗುವ ಹೊತ್ತಿನಲ್ಲಿ ನೂರಕ್ಕೆ 76 ಪಾಲು ಹೆಂಗಸರದ್ದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ಹೇಳುತ್ತದೆ. ಫಾರಂನಲ್ಲಿ ಒಂದೇ ಜಾಗ ಇರೋದು ಅಣ್ಣನ ತಪ್ಪಲ್ಲ, ಒಪ್ಪುತ್ತೇನೆ.

ಮಾತಾಡಿಸಲು ಬಂದವರೆಲ್ಲ ‘ಎರಡನ್ನೂ ನಿಭಾಯಿಸಿದ್ರು’ ಅಂದರು. ಪ್ರೀತಿಯಿಂದಲೇ ಅಂದರು. ಆದರೆ ದೊಡ್ಡಮ್ಮನಿಗೆ ಅವು ಎರಡಾಗಿ ಕಂಡಿದ್ದವು ಅಂತ ನನಗೆ ಅನ್ನಿಸುವುದಿಲ್ಲ. ‘ಯಾವುದನ್ನ ಬಿಡೋಣ?’ ಅಂತ ಅವರನ್ನೇ ಕೇಳಿದ್ದರೆ, ಪ್ರಶ್ನೆಯೇ ಅರ್ಥವಾಗದೆ ಸೂಜಿಗೆ ದಾರ ಪೋಣಿಸುತ್ತಾ ಕೂರುತ್ತಿದ್ದರೇನೋ.

ಕೊನೆಗೆ ಅಕ್ಕನೇ ಪೆನ್ನು ತಗೊಂಡಳು. ಸಣ್ಣ ಅಕ್ಷರದಲ್ಲಿ ‘ಹೊಲಿಗೆ ಉದ್ಯಮ, ಗೃಹಿಣಿ’ ಅಂತ ಬರೆದಳು. ಅಕ್ಷರ ಗೆರೆ ದಾಟಿ ಪಕ್ಕದ ಜಾಗಕ್ಕೆ ಹೋಯಿತು. ಅಣ್ಣ ಏನೂ ಅನ್ನಲಿಲ್ಲ.

ಇವತ್ತು ಬೆಳಿಗ್ಗೆ ಆ ಆರು ಜನ ಬಂದು ಅಂಗಡಿ ತೆಗೆದರು. ಅಕ್ಕ ಅಳತೆ ಪುಸ್ತಕ ಬಿಡಿಸಿಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಾಳೆ. ಇನ್ನೂ 11 ಜನರ ಬಟ್ಟೆ ಬಾಕಿ ಇದೆ. ಅದರಲ್ಲಿ ಮೂರು ಬಟ್ಟೆಗೆ ಬರೀ ಗುಂಡಿ ಹಾಕಬೇಕು, ಕಾಜಾ ದೊಡ್ಡಮ್ಮನೇ ಮಾಡಿಟ್ಟಿದ್ದಾರೆ.