ರಾಜ್ಯಶಾಸ್ತ್ರ ಓದಿದರೆ ನಷ್ಟದ ಹೊರೆ ಯಾರಿಗೆ?

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಗೆ ರಾಜ್ಯಶಾಸ್ತ್ರದ ಪದವಿಗೆ ಸೀಟು ಸಿಕ್ಕಿತೆಂದು ಅವಳ ತಂದೆ ಬೇಲಿಯಾಚೆಯಿಂದ ಹೇಳಿದಾಗ, ಶುಭಾಶಯದ ಬೆನ್ನಲ್ಲೇ ನಾನು ಕೇಳಿದ್ದು ಅದನ್ನು ಓದಿದರೆ ಕೆಲಸ ಏನು ಸಿಗುತ್ತದೆ ಎಂದು. ಸಿಟಿ ಬಸ್ಸಿನ ಚಾಲಕರಾದ ಅವರು ನಕ್ಕು ಮಗಳತ್ತ ನೋಡಿದರು. ಅವಳು, "ಸಂಬಳ ಕಡಿಮೆಯಾದರೆ ಸಾಲದ ಕಂತೂ ಬರುವುದಿಲ್ಲ. ಅಪ್ಪನ ಮನೆಗೇನೂ ಆಗುವುದಿಲ್ಲ. ನಿಮ್ಮ ಊರಿನ ಮಕ್ಕಳಿಗೂ ಹಾಗೆಯೇ ಅಲ್ಲವೇ?" ಎಂದಳು. ಅವಳು ತಿಳಿಯದೆ ಕೇಳಿದ ಪ್ರಶ್ನೆ ನನ್ನನ್ನು ನೋಯಿಸಿತು. ಏಕೆಂದರೆ ಅದೇ ವಾರ ಸಾಗರದಿಂದ ಅಕ್ಕ ಫೋನ್ ಮಾಡಿ, ಮಗಳು ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಓದಲು ಇಂಗ್ಲೆಂಡಿಗೆ ಬರಬೇಕೆನ್ನುತ್ತಿದ್ದಾಳೆ, ಭಾವ ಅಡಿಕೆ ತೋಟವನ್ನು ಬ್ಯಾಂಕಿಗೆ ಆಧಾರ ಇಡಲು ಹೊರಟಿದ್ದಾರೆ ಎಂದು ತಿಳಿಸಿದ್ದಳು.

ಪಕ್ಕದ ಮನೆಯ ಹುಡುಗಿಯ ಲೆಕ್ಕ ಹೀಗಿದೆ. ಇಂಗ್ಲೆಂಡಿನಲ್ಲಿ 2025-26ರ ಬೋಧನಾ ಶುಲ್ಕ ವರ್ಷಕ್ಕೆ 9,535 ಪೌಂಡ್; ಅದನ್ನು ಸರ್ಕಾರವೇ ಸಾಲವಾಗಿ ಕೊಡುತ್ತದೆ. ಮನೆ ಬಿಟ್ಟು ಲಂಡನ್ನಿನ ಹೊರಗೆ ಓದುವವರಿಗೆ ಜೀವನ ನಿರ್ವಹಣೆಯ ಸಾಲವೂ ಸಿಗುತ್ತದೆ, ಅದೇ ವರ್ಷ ಅದು ಗರಿಷ್ಠ 10,544 ಪೌಂಡ್. ಮೂರು ವರ್ಷ ಮುಗಿಯುವ ಹೊತ್ತಿಗೆ ಸಾಲ 60,000 ಪೌಂಡ್ ಮುಟ್ಟಬಹುದು. ಕೇಳಿದರೆ ಎದೆ ಧಸಕ್ಕೆನ್ನುವ ಮೊತ್ತವೇ ಸರಿ. ಆದರೆ 2023ರಿಂದೀಚೆಗೆ ಓದು ಆರಂಭಿಸಿದವರು ವರ್ಷಕ್ಕೆ 25,000 ಪೌಂಡ್ ಮೀರಿದ ಆದಾಯದ ಮೇಲೆ ಮಾತ್ರ ಶೇಕಡಾ 9ರಷ್ಟು ಕಟ್ಟಬೇಕು. 30,000 ಪೌಂಡ್ ಸಂಬಳವಿದ್ದರೆ ವರ್ಷಕ್ಕೆ 450 ಪೌಂಡ್, ಅಂದರೆ ತಿಂಗಳಿಗೆ 37.50. ಕೆಲಸ ಹೋದರೆ ಕಂತು ನಿಲ್ಲುತ್ತದೆ, 40 ವರ್ಷಗಳ ಬಳಿಕ ಉಳಿದದ್ದು ಮನ್ನಾ ಆಗುತ್ತದೆ. ತಂದೆಯ ಜಾಮೀನು ಎಲ್ಲಿಯೂ ಬೇಕಿಲ್ಲ.

ಇದನ್ನು ಸ್ವರ್ಗವೆಂದು ವರ್ಣಿಸುವುದು ನನ್ನ ಉದ್ದೇಶವಲ್ಲ. 1998ರವರೆಗೆ ಇಲ್ಲಿ ಶುಲ್ಕವೇ ಇರಲಿಲ್ಲ. ಅದು 2006ರಲ್ಲಿ 3,000ಕ್ಕೂ 2012ರಲ್ಲಿ 9,000ಕ್ಕೂ ಏರಿತು. ಹಿಂದಿನವರಿಗೆ 30 ವರ್ಷಕ್ಕೆ ಮನ್ನಾ ಆಗುತ್ತಿದ್ದ ಸಾಲ ಈ ಹುಡುಗಿಯನ್ನು ಅರವತ್ತು ದಾಟುವವರೆಗೆ ಹಿಂಬಾಲಿಸಲಿದೆ. ಹಣಕಾಸು ಅಧ್ಯಯನ ಸಂಸ್ಥೆಯಾದ ಐಎಫ್ಎಸ್ 2020ರ ತನ್ನ ವರದಿಯಲ್ಲಿ, ಪದವಿ ಪಡೆದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಓದದೇ ಇದ್ದಿದ್ದರೆ ಹಣದ ದೃಷ್ಟಿಯಿಂದ ಹೆಚ್ಚು ಲಾಭದಲ್ಲಿರುತ್ತಿದ್ದರು ಎಂದು ಅಂದಾಜಿಸಿತ್ತು. ಹಾಗಿದ್ದರೂ ಇಲ್ಲಿನ ಅನೇಕ ಉದ್ಯೋಗದಾತರು ಯಾವ ವಿಷಯದ ಪದವಿಯಾದರೂ ಒಪ್ಪುತ್ತಾರೆ, ಕಾನೂನು ಓದದವರು ಪರಿವರ್ತನಾ ಕೋರ್ಸ್ ಮಾಡಿ ವಕೀಲಿ ವೃತ್ತಿಗೂ ಹೋಗಬಹುದು. ಲೆಕ್ಕ ತಪ್ಪಿದರೆ ಆಗುವ ನಷ್ಟದಲ್ಲಿ ಸರ್ಕಾರದ ಪಾಲೂ ಇರುತ್ತದೆ ಎಂಬುದೇ ನನಗೆ ಮುಖ್ಯವಾಗಿ ಕಾಣುವ ಸಂಗತಿ.

ನಮ್ಮಲ್ಲಿ ನಷ್ಟವೆಲ್ಲ ಮನೆಯ ತಲೆಗೇ ಬೀಳುತ್ತದೆ. ಅದಕ್ಕಾಗಿಯೇ ಪಿಯುಸಿಯಲ್ಲಿ ವಿಜ್ಞಾನ ಸಿಗದವರು ಕಲಾ ವಿಭಾಗಕ್ಕೆ ಹೋಗುತ್ತಾರೆಂಬ ತಾತ್ಸಾರ ಇಷ್ಟು ಗಟ್ಟಿಯಾಗಿ ಬೇರೂರಿದೆ. ಆ ತಾತ್ಸಾರದ ಹಿಂದೆ ಭಯವಿದೆ ಎಂದು ನನಗೆ ಗೊತ್ತು, ಆದರೂ ಅದನ್ನು ಒಪ್ಪಲಾರೆ. ನನಗೆ ರಾಜ್ಯಶಾಸ್ತ್ರ ಕಲಿಸಿದ ಮೇಷ್ಟ್ರು ಪಂಚಾಯಿತಿಯ ಆಯವ್ಯಯದ ಹಾಳೆಗಳನ್ನು ತರಗತಿಗೆ ತಂದು, ಕುಡಿಯುವ ನೀರಿಗೆಂದು ಬರೆದ ಸಾಲಿನ ಮೇಲೆ ಬೆರಳಿಟ್ಟು, ಈ ಹಣ ನಿಮ್ಮ ಕೇರಿಗೆ ಬಂತೇ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿಗಿಂತ ಮೊದಲೇ, 1983ರ ಕಾಯ್ದೆಯ ಮೂಲಕ ಕರ್ನಾಟಕ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ರೂಪಿಸಿ, 1987ರಲ್ಲಿ ಚುನಾವಣೆ ನಡೆಸಿದ ಕಥೆಯನ್ನೂ, ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರು ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎನಿಸಿಕೊಂಡದ್ದನ್ನೂ ನಾನು ಕೇಳಿದ್ದು ಅವರ ಬಾಯಿಂದಲೇ. ಅಷ್ಟು ಚೆನ್ನಾಗಿ ಕಲಿಸುತ್ತಿದ್ದ ಅವರು ಅತಿಥಿ ಉಪನ್ಯಾಸಕರಾಗಿದ್ದರು. ಕಾಲೇಜು ನಡೆಯುವ ತಿಂಗಳುಗಳಿಗೆ ಮಾತ್ರ ಗೌರವಧನ, ರಜೆ ಬಂದರೆ ಅದೂ ಇಲ್ಲ. ಅಧಿಕಾರ ವಿಕೇಂದ್ರೀಕರಣದಲ್ಲಿ ದೇಶಕ್ಕೆ ದಾರಿ ತೋರಿಸಿದ ನಾಡು ಅದನ್ನು ಕಲಿಸುವವರನ್ನು ವರ್ಷವರ್ಷವೂ ಬಾಗಿಲಲ್ಲಿ ನಿಲ್ಲಿಸುತ್ತಿದೆ ಎಂಬ ನೋವು ನನ್ನಲ್ಲಿ ಇಂದಿಗೂ ಆರಿಲ್ಲ.

ಅಕ್ಕನ ಮಗಳ ವಿಷಯದಲ್ಲಿ ಲೆಕ್ಕವೇ ಬೇರೆ. ಈ ದೇಶದ ಸರ್ಕಾರಿ ಸಾಲ ಅವಳಿಗೆ ದೊರೆಯುವುದಿಲ್ಲ, ಶುಲ್ಕದ ಮಿತಿಯೂ ಅನ್ವಯಿಸುವುದಿಲ್ಲ. ಒಂದು ವರ್ಷದ ಎಂ.ಎ.ಗೆ 20,000 ಪೌಂಡ್ ದಾಟುವ ಶುಲ್ಕ ಇಲ್ಲಿ ಸಾಮಾನ್ಯ; ಊಟ, ಬಾಡಿಗೆ, ವೀಸಾ ಸೇರಿದರೆ ನಮ್ಮ ಹಣದಲ್ಲಿ 30 ಲಕ್ಷ ಮೀರುತ್ತದೆ. 2027ರ ಜನವರಿಯಿಂದ ಅರ್ಜಿ ಹಾಕುವ ಸ್ನಾತಕೋತ್ತರ ಪದವೀಧರರಿಗೆ ಓದಿನ ನಂತರದ ವೀಸಾ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ. ಆಮೇಲೂ ಉಳಿಯಲು ಬೇಕಾದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2025ರ ಜುಲೈನಿಂದ ಸಾಮಾನ್ಯ ಸಂಬಳದ ಮಿತಿ 41,700 ಪೌಂಡ್, ಹೊಸಬರಿಗೆ 33,400. ಸ್ವಯಂಸೇವಾ ಸಂಸ್ಥೆಗಳಲ್ಲಿ, ಸಂಶೋಧನಾ ಸಹಾಯಕ ಹುದ್ದೆಗಳಲ್ಲಿ ಮೊದಲ ಸಂಬಳವೇ ಅಷ್ಟಿರುವುದು ಅಪರೂಪ. ಊರಿನಲ್ಲಿ ಬ್ಯಾಂಕಿನ ಕಂತು ಮಾತ್ರ ಅವಳ ಸಂಬಳ ಎಷ್ಟೆಂದು ನೋಡದೆ ಆರಂಭವಾಗುತ್ತದೆ, ಎಲೆಚುಕ್ಕಿ ರೋಗ ಬಿದ್ದ ತೋಟದ ಫಸಲನ್ನೂ ನೋಡುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಅವಳು, "ಹಾಗಾದರೆ ಈ ವಿಷಯವನ್ನೇ ಬಿಡಬೇಕಾ ಚಿಕ್ಕಮ್ಮ?" ಎಂದು ಕೇಳಿದಳು. ಬಿಡಬೇಡ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದು, ವಿದೇಶಕ್ಕೆ ಬರುವ ಆಸೆಯಿದ್ದರೆ ಪೂರ್ಣ ವಿದ್ಯಾರ್ಥಿವೇತನ ಸಿಕ್ಕಾಗ ಬಾ ಎಂದೆ. ಭಾವನಿಗೆ ಬೇರೆಯಾಗಿ ಫೋನ್ ಮಾಡಿ, ತೋಟದ ಪಹಣಿ ಹಿಡಿದು ಬ್ಯಾಂಕಿಗೆ ಹೋಗುವ ಮೊದಲು ಶಂಕರಘಟ್ಟದ ಅರ್ಜಿ ತುಂಬಿಸಿ ಎಂದು ಕೇಳಿಕೊಂಡಿದ್ದೇನೆ.